ಅಲ್ಬಸ

ಗಲ್ಮಿ ಊರಲ್ಲಿ ಈರುಳ್ಳಿಗೆ ಅಲ್ಬಸ ಎನ್ನುತ್ತಾರೆ.
ಅರಬರ ಒಂಟೆಯಿಂದ ಇಳಿದ ಪದ. ಬರುವಾಗ
ಮುಂದೆ ಅಂಟಿಕೊಂಡಿದ್ದ 'ಅಲ್' ಅನ್ನು ಯಾರೂ ಸುಲಿಯಲಿಲ್ಲ,
ಸಿಪ್ಪೆಸಮೇತ ಹೌಸಾ ಬಾಯಿಗೆ ಬಿತ್ತು.

ಅಸಬೆ ಎಂದರೆ ಶನಿವಾರ ಹುಟ್ಟಿದವಳು.
ಬತ್ತಿದ ಹಳ್ಳದ ಮೈಮೇಲೆ ಕುಕ್ಕರುಗಾಲಲ್ಲಿ ಕೂತು
ತಾಯಿಗಡ್ಡೆಗಳ ನೆತ್ತಿ ಕೊಯ್ದು ಮಣ್ಣಿಗೆ ಒತ್ತುತ್ತಾಳೆ.
ನೇರಳೆ ಮೈ, ಚಪ್ಪಟೆ, ಅಂಗೈ ತುಂಬುವಷ್ಟು.
ಮಡಿಗೆ ಎರಡು ಸೋರೆಬುರುಡೆ ನೀರು,
ಮರಳುಗಾಡಿನ ಗಾಳಿ ಬೀಸಿದ ದಿನ ಮೂರು.

'ಇಷ್ಟು ನೀರು ಕುಡಿದೂ
ಅಲ್ಬಸಕ್ಕೆ ನೀರಿನ ಗುಣ ಬರಲಿಲ್ಲ.'
ಅಲ್ಲಿಯ ಗಾದೆ ಇದು. ಒಳ್ಳೆಯವರ ಹೊಟ್ಟೆಯಲ್ಲಿ
ಕೆಟ್ಟವನು ಹುಟ್ಟಿದಾಗ ಆಡುವ ಮಾತು.
ಲಾವಲಿ ಅಂಗಳಕ್ಕೆ ಬಂದಾಗೆಲ್ಲ ಅಸಬೆ ಇದನ್ನು
ಕುಟ್ಟಾಣಿಯ ಒಳಕ್ಕೆ ಹೇಳುತ್ತಾಳೆ, ಈರುಳ್ಳಿಸೊಪ್ಪು ಜಜ್ಜುತ್ತ.
ತಾಯಿಯಿಲ್ಲದ ಮೊಮ್ಮಗ. ಹದಿನಾರು. ಸಿಗರೇಟು.
ಶಾಯಿಬುವಿನ ಲಾರಿಯಲ್ಲಿ ಮೂಟೆಗಳ ಮೇಲೆ ಮಲಗುವವನು,
ಮೈಯೆಲ್ಲ ಅದೇ ವಾಸನೆ, ಬೈಗುಳಕ್ಕೂ ಅದೇ ವಾಸನೆ.

ಗಾದೆ ಕೇಳಿ ನನಗೆ ನಗು ಬಂತು.
ನನ್ನ ನುಡಿಯಲ್ಲಿ ಅದರ ಇನ್ನೊಂದು ಹೆಸರು ನೀರುಳ್ಳಿ.
ಹೆಸರಿನೊಳಗೇ ಯಾರೋ ಬಾವಿ ತೋಡಿಟ್ಟಿದ್ದಾರೆ,
ಗುಣ ಬಂತೋ ಇಲ್ಲವೋ ಕಾದು ನೋಡದೆ.
(ಉಳ್ಳಾಗಡ್ಡಿ ಎನ್ನುವವರ ಸುದ್ದಿ ಬೇರೆ. ಅವರು
ಹೆಸರು ವಿಚಾರಿಸುವುದಿಲ್ಲ. ಮುಷ್ಟಿಯಿಂದ ಗುದ್ದಿ
ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ.)

ಹುಲ್ಲಿನ ಕಣಜದಲ್ಲಿ ಐದು ತಿಂಗಳು ಮಲಗಿದ್ದ ಸರಕು,
ಈಗಲೇ ಬೆಲೆ. ಇನ್ನೂರು ಮೂಟೆ.
ಕೊನ್ನಿ ದಾಟಿತು, ದೊಸ್ಸೊ ದಾಟಿತು, ಗಾಯಾದಲ್ಲಿ ನಿಂತಿತು.
ಸೇತುವೆ ಮುಚ್ಚಿದೆ.
ಯಾಕೆ?
ಮುಚ್ಚಿದೆ.
ಸುಂಕದವನ ಮುಂದೆ ಸುಖದುಃಖ ಹೇಳಿ
ಶಾಯಿಬು ಮೂರು ದಿನದಲ್ಲಿ ಗಂಟಲು ಕಳೆದುಕೊಂಡ.
ಕೆಳಗೆ ನೈಜರ್ ನದಿ ಯಾರನ್ನೂ ಕೇಳದೆ ಹರಿಯಿತು.
ಆಚೆ ದಡದಾಚೆ, ಇನ್ನೂ ತೆಂಕಣಕ್ಕೆ, ಅದೇ ಗಡ್ಡೆಗೆ
ಆಲುಬೋಸ ಎನ್ನುತ್ತಾರೆ. ಪದ ಎಂದೋ ದಾಟಿಯಾಗಿತ್ತು,
ಸರಕು ಮಾತ್ರ ಬಿಸಿಲಿಗೆ ಬೆವರುತ್ತ ನಿಂತಿತ್ತು.

ಹನ್ನೊಂದನೆಯ ರಾತ್ರಿ ಲಾವಲಿಯ ಬೆನ್ನಿಗೆ ಏನೋ ಚುಚ್ಚಿತು.
ಗೋಣಿಯ ಕಣ್ಣುಕಣ್ಣಿನಿಂದ ಹಸಿರು.
ಸುಲಿದು ಸುಲಿದು ಕೊನೆಗೆ ಏನೂ ಇಲ್ಲ ಎನ್ನುವ ಜ್ಞಾನಿಗಳು
ಒಂದು ಗಡ್ಡೆಯನ್ನೂ ನೆಟ್ಟವರಲ್ಲ;
ನಡುವೆ ಉಗುರಿನಷ್ಟು ಮೊಳಕೆ ಇರುತ್ತದೆ,
ಮುಂದಿನ ವರ್ಷದ್ದು.
ಶಾಯಿಬು ತಲೆ ಚಚ್ಚಿಕೊಂಡ. ಮೊಳೆತದ್ದಕ್ಕೆ ಬೆಲೆಯಿಲ್ಲ.
ಹುಡುಗ ಒಂದು ಮೂಟೆ ಹೊತ್ತು ದಡಕ್ಕಿಳಿದ.
ಬೈಯುತ್ತ, ಬೀಡಾಡಿ ದನಗಳನ್ನು ಅಟ್ಟುತ್ತ,
ಅಜ್ಜಿ ಮಾಡುವ ಹಾಗೆಯೇ ನೆತ್ತಿ ಕೊಯ್ದು ನೆಟ್ಟ.
ಡೀಸೆಲ್ ಡಬ್ಬಿ ತೊಳೆದು ನೀರು ಹೊಯ್ದ.
ಯಾಕೆ ಎಂದು ನನ್ನನ್ನು ಕೇಳಬೇಡಿ. ಅವನೂ ಹೇಳಲಿಲ್ಲ.
ಮೀನಿನವಳೊಬ್ಬಳು ದಿನಾ ನೋಡಿಕೊಳ್ಳುತ್ತೇನೆಂದಳು,
ಸೊಪ್ಪು ತನಗೆ ಎಂಬ ಕರಾರಿನ ಮೇಲೆ.

ಮಾರ್ಚಿಯಲ್ಲಿ ಅವನು ಗಲ್ಮಿಗೆ ಬಂದ.
ಅಂಗಿಯ ತುದಿ ಬಿಚ್ಚಿದ: ಕರಿಬೀಜ, ಒಂದು ಹಿಡಿ,
ಸಿಡಿಮದ್ದಿನ ಪುಡಿಯ ಹಾಗೆ.
ಅಸಬೆ ಒಂದನ್ನು ಹಲ್ಲಿನಲ್ಲಿ ಒಡೆದಳು.
ಗಾದೆ ಬಾಯಿಯವರೆಗೂ ಬಂತು, ನಾನು ಕಂಡೆ.
'ಯಾವ ನೀರು?'
'ನದಿಯದು.'
'ಬಾವಿ ನೀರಿಗೆ ಒಗ್ಗುತ್ತೋ ಇಲ್ಲವೋ' ಎಂದು ಗೊಣಗಿ
ತನ್ನ ಬೀಜದ ಜೊತೆ ಬೆರೆಸದೆ
ಕೆಮ್ಮಿನ ಔಷಧಿಯ ಖಾಲಿ ಸೀಸೆಗೆ ಸುರಿದು
ಬಿರಡೆ ಹಾಕಿದಳು.